ಕಚೇರಿಯ ಗಾಳಿಯಿಂದ ಬಂದ ಜ್ವರ: ಒಂದು ಕಾಲನಿರ್ಣಯ

ಲೀಜನೇರ್ ರೋಗವೆಂದು ಹೆಸರಾಗಿರುವ ಶ್ವಾಸಕೋಶದ ಬೇನೆಯ ಚರಿತ್ರೆಯನ್ನು ಹೇಳುವವರು ಅದನ್ನು ೧೯೭೬ನೆಯ ಇಸವಿಯ ಜುಲೈ ತಿಂಗಳಿನಿಂದ ಆರಂಭಿಸುವುದು ವಾಡಿಕೆ. ಅಮೆರಿಕದ ಫಿಲಡೆಲ್ಫಿಯಾ ನಗರದ ಒಂದು ಹೋಟೆಲಿನಲ್ಲಿ ಮಾಜಿ ಸೈನಿಕರ ಸಮ್ಮೇಳನ ನಡೆಯಿತು; ಹೋಟೆಲಿನ ಹವಾನಿಯಂತ್ರಣದ ಯಂತ್ರದಲ್ಲಿ ಬೆಳೆದಿದ್ದ ರೋಗಾಣುಗಳು ಗಾಳಿಯೊಡನೆ ಬಂದು ಅವರನ್ನು ಹಿಡಿದುವು; ಹೀಗೆ ಈ ರೋಗವು ಲೋಕಕ್ಕೆ ತಿಳಿಯಿತು—ಎಂಬಿಷ್ಟು ವೃತ್ತಾಂತವು ಪುಸ್ತಕಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಮತ್ತೆ ಮತ್ತೆ ಬರುತ್ತಿದೆ. ಇದರೊಳಗೆ ಎರಡು ಮಾತುಗಳು ಅಡಗಿವೆ. ರೋಗವು ಮೊದಲು ಕಾಣಿಸಿಕೊಂಡದ್ದು ಆ ವರ್ಷ ಎಂಬುದೊಂದು. ಆ ಹೋಟೆಲಿನ ಯಂತ್ರವೇ ಅದಕ್ಕೆ ಮೂಲವೆಂದು ಸಿದ್ಧವಾಯಿತು ಎಂಬುದು ಇನ್ನೊಂದು. ಮೂಲದ ವರದಿಗಳನ್ನು ಪರಿಶೀಲಿಸಿದರೆ ಮೊದಲನೆಯದು ತಪ್ಪೆಂದೂ, ಎರಡನೆಯದು ಸಂಭವವೇ ಹೊರತು ಸಿದ್ಧಾಂತವಲ್ಲವೆಂದೂ ತಿಳಿಯಬರುತ್ತದೆ. ಯಂತ್ರದಿಂದ ತಂಪುಮಾಡಿದ ಗಾಳಿಯು ಈ ರೋಗಾಣುವನ್ನು ಹೊತ್ತು ತಂದಿತೆಂಬುದಕ್ಕೆ ನಂಬತಕ್ಕ ಪ್ರಮಾಣ ಕೂಡಿಬಂದದ್ದು ಹೋಟೆಲಿನಲ್ಲಲ್ಲ. ಅದಕ್ಕೆ ಎಂಟು ವರ್ಷ ಹಿಂದೆ, ಒಂದು ಸರ್ಕಾರಿ ಕಚೇರಿಯಲ್ಲಿ. ಆ ಕಚೇರಿಯಲ್ಲಿ ಯಾರೂ ಸಾಯಲಿಲ್ಲ. ಅದರ ಹೆಸರು ಹಿಂದೆ ಬಿದ್ದುದಕ್ಕೆ ಅದೇ ಕಾರಣವೆಂದು ತೋರುತ್ತದೆ. ಆ ಪ್ರಕರಣವನ್ನು ಅದಕ್ಕೆ ತಕ್ಕ ಸ್ಥಾನದಲ್ಲಿಡುವುದು ಪ್ರಕೃತ ಲೇಖನದ ಉದ್ದೇಶ.

ವೈದ್ಯಶಾಸ್ತ್ರಕ್ಕೆ ಸೇರಿದ ವಿಷಯವನ್ನು ಈ ಪತ್ರಿಕೆಯ ವಾಚಕರ ಮುಂದಿಡುವುದೇಕೆಂಬ ಆಕ್ಷೇಪಣೆ ಬರಬಹುದು. ವಿಷಯವು ವೈದ್ಯರದಾದರೂ ಇಲ್ಲಿ ಎದ್ದಿರುವ ಪ್ರಶ್ನೆ ಚರಿತ್ರಕಾರನದು. ೧೯೩೬ರಲ್ಲಿ ಹಲ್ಮಿಡಿಯ ಶಾಸನವು ಬೆಳಕಿಗೆ ಬಂದ ಮೇಲೆ ಕನ್ನಡ ಬರಹದ ಪ್ರಾಚೀನತೆಯನ್ನು ಹಿಂದಕ್ಕೆ ಒಯ್ಯಬೇಕಾಯಿತಷ್ಟೆ. ಶಾಸನವು ಕಲ್ಲಿನ ಮೇಲೆ ಇದ್ದೇ ಇತ್ತು, ಓದುವವರು ಬಂದದ್ದು ತಡವಾಗಿ. ವಸ್ತು ಹುಟ್ಟಿದ ಕಾಲ, ಅದು ದೊರೆತ ಕಾಲ, ಅದನ್ನು ಓದಿ ತಿಳಿದ ಕಾಲ ಎಂಬ ಮೂರನ್ನು ಬೇರೆಬೇರೆಯಾಗಿ ಹಿಡಿಯಬೇಕೆಂಬುದು ನಮ್ಮ ಕೆಲಸದಲ್ಲಿ ಮೊದಲನೆಯ ಪಾಠ. ಮುಂದೆ ಹೇಳುವ ಸಂಗತಿಗಳಲ್ಲಿಯೂ ಅದೇ ಪಾಠ ಬೇಕಾಗುತ್ತದೆ.

ಮೊದಲು ಯಂತ್ರದ ವಿಚಾರ. ಗಾಳಿಯ ಬಿಸುಪನ್ನೂ ತೇವವನ್ನೂ ಯಂತ್ರದಿಂದ ಹದಕ್ಕೆ ತರುವ ವಿದ್ಯೆಯು ಮನುಷ್ಯರ ಸುಖಕ್ಕಾಗಿ ಹುಟ್ಟಿದುದಲ್ಲ. ೧೯೦೨ರಲ್ಲಿ ವಿಲಿಸ್ ಕ್ಯಾರಿಯರ್ ಎಂಬ ಇಂಜಿನಿಯರನು ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಒಂದು ಮುದ್ರಣಾಲಯದಲ್ಲಿ, ತೇವದಿಂದ ಕಾಗದವು ಹಿಗ್ಗಿ ಕುಗ್ಗಿ, ಬಣ್ಣದ ಅಚ್ಚುಗಳು ಒಂದರ ಮೇಲೊಂದು ಸರಿಯಾಗಿ ಕೂಡದೆ ಹೋಗುತ್ತಿದ್ದುದನ್ನು ತಪ್ಪಿಸುವುದಕ್ಕಾಗಿ ಅದನ್ನು ಯೋಜಿಸಿದನು. ಕಾಗದಕ್ಕೆ ನಡೆದ ಉಪಚಾರವು ಕ್ರಮೇಣ ಕಾಗದದ ಮೇಲೆ ಬರೆಯುವವರಿಗೂ ದೊರೆಯಿತು. ೧೯೨೮ರಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ನಗರದಲ್ಲಿ ತೆರೆದ ಮಿಲಾಂ ಕಟ್ಟಡವು ಅಡಿಯಿಂದ ಮುಡಿಯವರೆಗೆ ತಂಪುಗಾಳಿಯ ಏರ್ಪಾಡನ್ನು ಪಡೆದ ಮೊದಲನೆಯ ಎತ್ತರದ ಕಚೇರಿಯೆಂದು ಹೆಸರಾಗಿದೆ. ಎರಡನೆಯ ಮಹಾಯುದ್ಧದ ತರುವಾಯ ಕಿಟಕಿಗಳನ್ನು ತೆರೆಯಲಾಗದಂತೆ ಗಾಜಿನಿಂದ ಮುಚ್ಚಿದ ಕಚೇರಿಗಳು ಅಮೆರಿಕದ ನಗರಗಳಲ್ಲಿ ಸಾಲುಸಾಲಾಗಿ ಎದ್ದುವು.

ಒಳಗಿನ ಗಾಳಿಯಿಂದ ತೆಗೆದ ಶಾಖವನ್ನು ಹೊರಗೆ ಎಲ್ಲಿಯಾದರೂ ಬಿಡಲೇಬೇಕು. ಒಂದು ಕೋಣೆಯ ಗೋಡೆಗೋ ಕಿಟಕಿಗೋ ಹಾಕುವ ಸಣ್ಣ ಯಂತ್ರದಲ್ಲಿ ಹೊರಗಿನ ಗಾಳಿಯೇ ಶಾಖವನ್ನು ಒಯ್ಯುತ್ತದೆ. ಇಲ್ಲಿ ಹೇಳುವ ರೋಗಕ್ಕೂ ಅದಕ್ಕೂ ಸಂಬಂಧವಿಲ್ಲ. ದೊಡ್ಡ ಕಟ್ಟಡಗಳಲ್ಲಿ ಬಹುಮಟ್ಟಿಗೆ ನೀರಿನ ಸಹಾಯ ಬೇಕಾಗುತ್ತದೆ. ಬೇಸಗೆಯಲ್ಲಿ ಬಾಗಿಲಿಗೆ ಲಾವಂಚದ ತಟ್ಟಿಯನ್ನು ಕಟ್ಟಿ ನೀರು ಚಿಮುಕಿಸಿದಾಗ ಏನು ನಡೆಯುತ್ತದೆಯೋ ಅಲ್ಲಿಯೂ ಅದೇ ನಡೆಯುವುದು: ನೀರು ಆವಿಯಾಗುತ್ತ ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಶಾಖವನ್ನು ಹೊತ್ತ ಕೊಳವೆಗಳ ಮೇಲೆ ನೀರನ್ನು ಎರಚಿ ಗಾಳಿಯನ್ನು ಬೀಸುವ ಪೆಟ್ಟಿಗೆ ಒಂದು ಬಗೆಯದು. ಅದನ್ನು ಕಂಡೆನ್ಸರ್ ಎಂದು ಕರೆಯುವರು. ಬಿಸಿಯಾದ ನೀರನ್ನೇ ಮೇಲಿನಿಂದ ತುಂತುರಾಗಿ ಇಳಿಸಿ ಆರಿಸುವ ಕಟ್ಟಣೆ ಇನ್ನೊಂದು ಬಗೆಯದು. ಅದು ಕೂಲಿಂಗ್ ಟವರ್. ಬೆಂಗಳೂರಿನ ದೊಡ್ಡ ಕಚೇರಿಗಳ ತಾರಸಿಯ ಮೇಲೆ ಇಂಥವು ಉಂಟು. ಈ ನೀರಿಗೂ ಒಳಗಿನವರು ಉಸಿರಾಡುವ ಗಾಳಿಗೂ ಸಂಪರ್ಕವಿರಕೂಡದು. ಆದರೆ ಆ ನೀರು ಉಗುರುಬೆಚ್ಚಗಿರುತ್ತದೆ. ಅದೇ ನೀರು ಸುತ್ತಿ ಸುತ್ತಿ ಬರುತ್ತದೆ. ಅದರಲ್ಲಿ ಧೂಳು ಬೀಳುತ್ತದೆ, ಪಾಚಿಯೂ ಲೋಳೆಯೂ ಕಟ್ಟುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಹೊರಬೀಳುವ ಗಾಳಿಯೊಡನೆ ಹಾರಿಹೋಗುತ್ತವೆ. ಮುಂದಿನ ಕಥೆಯೆಲ್ಲ ಈ ಹನಿಗಳದು.

ಮಿಷಿಗನ್ ಸಂಸ್ಥಾನದಲ್ಲಿ, ಡೆಟ್ರಾಯಿಟ್ ನಗರಕ್ಕೆ ವಾಯವ್ಯದಲ್ಲಿ, ಪಾಂಟಿಯಾಕ್ ಎಂಬ ಊರಿದೆ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷರನ್ನು ಇದಿರಿಸಿ ಕಾದಿದ ಒಡಾವಾ ಜನಾಂಗದ ನಾಯಕನ ಹೆಸರು ಅದು. ಓಕ್ಲೆಂಡ್ ಜಿಲ್ಲೆಯ ಆರೋಗ್ಯ ಇಲಾಖೆಯ ಕಚೇರಿ ಅಲ್ಲಿತ್ತು. ೧೯೬೮ನೆಯ ಜುಲೈ ತಿಂಗಳ ಆರಂಭದಲ್ಲಿ ಆ ಕಚೇರಿಯ ನೌಕರರು ಒಬ್ಬರ ಹಿಂದೊಬ್ಬರಾಗಿ ಹಾಸಿಗೆ ಹಿಡಿದರು. ಜ್ವರ, ತಲೆನೋವು, ಮೈಕೈ ನೋವು, ಮೇಲೇಳಲಾರದಷ್ಟು ಬಳಲಿಕೆ. ಊರಿನವರ ಆರೋಗ್ಯವನ್ನು ಕಾಯುವುದಕ್ಕಾಗಿ ಇದ್ದ ಕಚೇರಿಯೇ ಹೀಗೆ ಮಲಗಿತು. ಕಟ್ಟಡದಲ್ಲಿ ಕೆಲಸಮಾಡುತ್ತಿದ್ದ ೧೦೦ ಮಂದಿಯಲ್ಲಿ ೯೫ ಮಂದಿಗೆ ಬೇನೆ ತಗಲಿತು. ಬಂದುಹೋದವರನ್ನೂ ಸೇರಿಸಿದರೆ ಒಟ್ಟು ೧೪೪ಕ್ಕೆ ಕಡಿಮೆಯಿಲ್ಲ. ಕಟ್ಟಡವನ್ನು ಹೊಕ್ಕ ಮೇಲೆ ಸರಾಸರಿ ೩೬ ಗಂಟೆಗಳಲ್ಲಿ ಜ್ವರ ಬರುತ್ತಿತ್ತು. ಎರಡರಿಂದ ಐದು ದಿನಗಳೊಳಗೆ ತಾನಾಗಿಯೇ ಬಿಡುತ್ತಿತ್ತು. ಯಾರಿಗೂ ನ್ಯುಮೋನಿಯ ಆಗಲಿಲ್ಲ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಜ್ವರ ಬಂದವರ ಮನೆಯವರಿಗೆ ಜ್ವರ ಬರಲಿಲ್ಲ. ಇನ್‌ಫ್ಲುಯೆಂಜದಂತೆ ಮನುಷ್ಯರಿಂದ ಮನುಷ್ಯರಿಗೆ ದಾಟುವ ಬೇನೆಯಾಗಿದ್ದರೆ ಗಂಡನಿಂದ ಹೆಂಡತಿಗೂ ತಾಯಿಯಿಂದ ಮಕ್ಕಳಿಗೂ ಅದು ಹೋಗಬೇಕಾಗಿತ್ತು. ಹಾಗಾಗದಿರುವುದರಿಂದ ಕಾರಣವು ಜನರಲ್ಲಿಲ್ಲ, ಕಟ್ಟಡದಲ್ಲಿದೆ ಎಂಬ ಅನುಮಾನ ಬಲವಾಯಿತು. ಅಟ್ಲಾಂಟಾ ನಗರದಲ್ಲಿರುವ ರಾಷ್ಟ್ರೀಯ ರೋಗನಿವಾರಣ ಕೇಂದ್ರದಿಂದ ತಜ್ಞರು ಬಂದರು. ಬಂದವರಲ್ಲಿಯೂ ಕೆಲವರು ಅದೇ ಜ್ವರದಿಂದ ಮಲಗಿದರು. ಪರೀಕ್ಷಕರೇ ಪರೀಕ್ಷೆಗೆ ವಸ್ತುವಾದದ್ದು ಅವರಿಗೆ ಕಷ್ಟವಾಗಿದ್ದರೂ ತರ್ಕಕ್ಕೆ ಅನುಕೂಲವೇ ಆಯಿತು: ಆ ಊರಿನ ನೀರನ್ನಾಗಲಿ ಅನ್ನವನ್ನಾಗಲಿ ಬಹುಕಾಲ ಸೇವಿಸದ ಹೊಸಬರಿಗೂ ಕಟ್ಟಡವನ್ನು ಹೊಕ್ಕಮಾತ್ರದಿಂದ ಜ್ವರ ಬರುವುದಾದರೆ ಸಂದೇಹವು ಗಾಳಿಯ ಮೇಲೆಯೇ ನಿಲ್ಲಬೇಕು.

ತಂಪುಗಾಳಿಯ ಯಂತ್ರವನ್ನು ಬಿಚ್ಚಿ ನೋಡಲಾಗಿ ಅದು ಕೆಟ್ಟಿದ್ದುದು ಕಂಡುಬಂದಿತು. ಕಂಡೆನ್ಸರಿನಿಂದ ತೇವದ ಗಾಳಿಯನ್ನು ಹೊರಗೆ ಒಯ್ಯುವ ನಾಳಕ್ಕೂ ಕೋಣೆಗಳಿಗೆ ತಂಪುಗಾಳಿಯನ್ನು ಒಯ್ಯುವ ನಾಳಕ್ಕೂ ನಡುವೆ ಬಿರುಕುಗಳಿದ್ದು, ಹೊರಕ್ಕೆ ಹೋಗಬೇಕಾದ ತುಂತುರು ಒಳಕ್ಕೆ ಸೇರುತ್ತಿದ್ದಿತು. ತಜ್ಞರು ಇಷ್ಟಕ್ಕೆ ತೃಪ್ತರಾಗಲಿಲ್ಲ. ಗಿನಿಹಂದಿಗಳನ್ನು ತಂದು ಆ ಕಟ್ಟಡದಲ್ಲಿ ಯಂತ್ರ ನಡೆಯುತ್ತಿರುವಾಗಲೂ ನಿಂತಿರುವಾಗಲೂ ಇರಿಸಿದರು; ಬೇರೆ ಕೆಲವಕ್ಕೆ ಕಂಡೆನ್ಸರಿನ ನೀರನ್ನೇ ಮಂಜಾಗಿ ಮಾಡಿ ಉಸಿರಾಡಿಸಿದರು. ನಂಜಿನ ಗಾಳಿಯನ್ನು ಕುಡಿದ ಗಿನಿಹಂದಿಗಳ ಶ್ವಾಸಕೋಶಗಳಲ್ಲಿ ನ್ಯುಮೋನಿಯ ಕಾಣಿಸಿತು. ರೋಗವು ಬರುವ ದಾರಿ ಹೀಗೆ ಸ್ಪಷ್ಟವಾಯಿತು. ಬರುತ್ತಿರುವವರು ಯಾರೆಂಬುದು ಮಾತ್ರ ತಿಳಿಯಲಿಲ್ಲ. ಪ್ರಯೋಗಾಲಯದಲ್ಲಿ ರೋಗಾಣುಗಳನ್ನು ಬೆಳೆಸುವ ರೂಢಿಯ ಪಾಕಗಳಲ್ಲಿ ಏನೂ ಬೆಳೆಯಲಿಲ್ಲ. ನೀರಿನಲ್ಲಿ ವಿಷವಸ್ತುವನ್ನು ಹುಡುಕಿದರು, ಅದೂ ಸಿಕ್ಕಲಿಲ್ಲ. ಕಡೆಗೆ ರೋಗಿಗಳ ರಕ್ತರಸವನ್ನೂ ಗಿನಿಹಂದಿಗಳ ಶ್ವಾಸಕೋಶದ ತುಣುಕುಗಳನ್ನೂ ಹಿಮಗಟ್ಟಿಸಿ, ಗುರುತು ಬರೆದು, ಅಟ್ಲಾಂಟಾದ ಉಗ್ರಾಣದಲ್ಲಿಟ್ಟರು. ಬೇನೆಗೆ ಊರಿನ ಹೆಸರನ್ನೇ ಕೊಟ್ಟು ಪಾಂಟಿಯಾಕ್ ಜ್ವರವೆಂದು ಕರೆದರು.

ಈ ಪರೀಕ್ಷೆಯ ಪೂರ್ಣವಾದ ವರದಿಯು ಸಾಂಕ್ರಾಮಿಕ ರೋಗಶಾಸ್ತ್ರದ ಅಮೆರಿಕನ್ ಪತ್ರಿಕೆಯಲ್ಲಿ ಪ್ರಕಟವಾದದ್ದು ೧೯೭೮ರಲ್ಲಿ, ಎಂದರೆ ಹತ್ತು ವರ್ಷಗಳ ಮೇಲೆ. ಅಷ್ಟರಲ್ಲಿ ಕಾರಣವು ಗೊತ್ತಾಗಿದ್ದರೂ ಕಾರಣ ತಿಳಿಯದ ಬೇನೆಯೆಂಬ ಮಾತು ಅದರ ಶೀರ್ಷಿಕೆಯಲ್ಲಿ ಹಾಗೆಯೇ ಉಳಿದಿದೆ. ೧೯೬೮ರಲ್ಲಿ ಏನು ತಿಳಿದಿತ್ತೋ ಅದನ್ನು ಆ ಕಾಲದ ಮಾತಿನಲ್ಲಿಯೇ ಬರೆದಿಟ್ಟ ಈ ಕ್ರಮವು ಪ್ರಾಮಾಣಿಕವಾದುದೆಂದು ನಾವು ಭಾವಿಸುತ್ತೇವೆ. ಆದರೆ ಹತ್ತು ವರ್ಷದ ವಿಳಂಬವನ್ನು ಹಾಗೆ ಹೊಗಳಲಾಗದು. ಸೋರುವ ನಾಳವೊಂದರಿಂದ ಇಡೀ ಕಚೇರಿ ಮಲಗಬಹುದೆಂಬ ಸಂಗತಿ ಯಂತ್ರಗಳನ್ನು ನೋಡಿಕೊಳ್ಳುವವರ ಕಿವಿಗೆ ಬೀಳಬೇಕಾದುದು ೧೯೬೮ರಲ್ಲಿ.

ಇನ್ನು ಫಿಲಡೆಲ್ಫಿಯಾಕ್ಕೆ ಬರೋಣ. ೧೯೭೬ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಇನ್ನೂರನೆಯ ವರ್ಷ. ಆ ಘೋಷಣೆ ಹೊರಟ ಊರೇ ಫಿಲಡೆಲ್ಫಿಯಾ. ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಪೆನ್ಸಿಲ್ವೇನಿಯಾ ಶಾಖೆಯವರು ಜುಲೈ ೨೧ರಿಂದ ೨೪ರವರೆಗೆ ಅಲ್ಲಿಯ ಬ್ರಾಡ್ ಬೀದಿಯ ಬೆಲ್‌ವ್ಯೂ-ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಸಮ್ಮೇಳನ ನಡೆಸಿದರು. ಎರಡು ಸಾವಿರಕ್ಕೂ ಮಿಕ್ಕ ಜನ ಸೇರಿದ್ದರು. ಊರಿಗೆ ಹಿಂದಿರುಗಿದ ಕೆಲವೇ ದಿನಗಳಲ್ಲಿ ಅವರಲ್ಲಿ ಹಲವರಿಗೆ ಕಡು ಜ್ವರವೂ ನ್ಯುಮೋನಿಯವೂ ಬಂದು ಸಾವಿನ ಸುದ್ದಿಗಳು ಒಂದೊಂದಾಗಿ ಬರತೊಡಗಿದುವು. ಅದೇ ವರ್ಷದ ಫೆಬ್ರವರಿಯಲ್ಲಿ ಫೋರ್ಟ್ ಡಿಕ್ಸ್ ಎಂಬ ಸೈನ್ಯದ ಠಾಣೆಯಲ್ಲಿ ಹಂದಿಗಳ ಇನ್‌ಫ್ಲುಯೆಂಜ ಕಾಣಿಸಿಕೊಂಡಿದ್ದುದರಿಂದ, ಅದೇ ಬಂದಿತೆಂದು ದೇಶವೆಲ್ಲ ಬೆದರಿತು. ಅದಲ್ಲವೆಂದು ಬೇಗ ತಿಳಿಯಿತು. ಬಳಿಕ ನಿಕ್ಕಲ್ ಲೋಹದ ವಿಷವೆಂದು ಕೆಲವರು ವಾದಿಸಿದರು, ಅದೂ ನಿಲ್ಲಲಿಲ್ಲ. ಸಮ್ಮೇಳನಕ್ಕೆ ಸಂಬಂಧಪಟ್ಟ ೧೮೨ ರೋಗಿಗಳಲ್ಲಿ ೨೯ ಮಂದಿ ತೀರಿಕೊಂಡರು. ಹೋಟೆಲಿನ ಒಳಗೆ ಕಾಲಿಡದೆ ಅದರ ಮುಂದಿನ ಬೀದಿಯಲ್ಲಿ ಹಾದುಹೋದವರಿಗೂ ಬೇನೆ ಬಂದಿತ್ತು. ಇದನ್ನು ಬ್ರಾಡ್ ಬೀದಿಯ ನ್ಯುಮೋನಿಯವೆಂದು ಬೇರೆಯಾಗಿ ಎಣಿಸಿದರು. ಎಲ್ಲವನ್ನೂ ಕೂಡಿಸಿದರೆ ರೋಗಿಗಳು ೨೨೧, ಸತ್ತವರು ೩೪. ಗಿರಾಕಿಗಳಿಲ್ಲದೆ ಹೋಟೆಲು ನವಂಬರಿನಲ್ಲಿ ಮುಚ್ಚಿತು.

ಈ ಪ್ರಕರಣದ ಮುಖ್ಯ ವರದಿಯು ೧೯೭೭ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದು ಹೇಳುವುದಿಷ್ಟು: ರೋಗಾಣುವು ಗಾಳಿಯ ಮೂಲಕ ಹರಡಿದಂತೆ ಕಾಣುತ್ತದೆ, ಹೋಟೆಲಿನ ಮುಂಗೋಣೆಯಲ್ಲೋ ಅದರ ಸುತ್ತಣ ಬೀದಿಯಲ್ಲೋ ಅದು ಜನರಿಗೆ ತಗಲಿರಬಹುದು, ಆದರೆ ಮೂಲವು ಸಿಕ್ಕಲಿಲ್ಲ. ಸಿಕ್ಕಲಿಲ್ಲವೆಂಬುದು ಅದರ ಸ್ಪಷ್ಟವಾದ ಮಾತು. ರೋಗಾಣುವಿನ ಗುರುತು ಹತ್ತುವ ಹೊತ್ತಿಗೆ ಹೋಟೆಲು ಬಾಗಿಲು ಹಾಕಿತ್ತು, ಜುಲೈ ತಿಂಗಳ ನೀರು ಎಂದೋ ಹರಿದುಹೋಗಿತ್ತು. ಆಮೇಲೆ ಬೇರೆ ಬೇರೆ ಊರುಗಳಲ್ಲಿ ಕೂಲಿಂಗ್ ಟವರಿನ ದೋಷವು ಸಿದ್ಧವಾದುದನ್ನು ನೋಡಿ, ಇಲ್ಲಿಯೂ ಹಾಗೆಯೇ ಆಗಿರಬೇಕೆಂದು ಎಲ್ಲರೂ ಊಹಿಸಿದರು. ಊಹೆಯು ಬಹುಶಃ ನಿಜವೇ. ಒಬ್ಬರ ಊಹೆ ಮತ್ತೊಬ್ಬರ ಬರಹದಲ್ಲಿ ಸಂಗತಿಯಾಗಿ, ಮೂರನೆಯವರಲ್ಲಿ ಪ್ರಮಾಣವಾಗುವ ಬಗೆಯನ್ನು ಕವಿಗಳ ಕಾಲದೇಶಗಳ ವಿಚಾರದಲ್ಲಿ ನಾವು ಎಷ್ಟು ಸಲ ಕಂಡಿಲ್ಲ! ಅದೇ ವರದಿಯಲ್ಲಿ ಇನ್ನೊಂದು ಮಾತುಂಟು. ಅದನ್ನು ಯಾರೂ ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಹೋಟೆಲಿನ ನೌಕರರಲ್ಲಿ ಅನೇಕರಿಗೆ ಈ ರೋಗವನ್ನು ತಡೆಯುವ ಶಕ್ತಿ ಮೊದಲೇ ಬಂದಿದ್ದಂತೆ ತೋರಿತು. ಎಂದರೆ ರೋಗಾಣುವು ಆ ನೆರೆಹೊರೆಯಲ್ಲಿ ಎರಡು ವರ್ಷವೋ ಅದಕ್ಕಿಂತ ಹೆಚ್ಚೋ ಬಿಟ್ಟು ಬಿಟ್ಟು ಇದ್ದಿರಬಹುದು. ೧೯೭೬ ಮೊದಲ ವರ್ಷವಲ್ಲವೆಂಬುದಕ್ಕೆ ಸಾಕ್ಷಿ ಆ ಹೋಟೆಲಿನ ಒಳಗೇ ಇತ್ತು.

ರೋಗಾಣುವನ್ನು ಕಂಡವರು ಜೋಸೆಫ್ ಮ್ಯಾಕ್‌ಡೇಡ್ ಮತ್ತು ಚಾರ್ಲ್ಸ್ ಶೆಪರ್ಡ್. ಇವರು ಅಟ್ಲಾಂಟಾದಲ್ಲಿ ರಿಕೆಟ್ಸಿಯ ಎಂಬ ಬೇರೊಂದು ಜಾತಿಯ ಜೀವಿಗಳ ಮೇಲೆ ಕೆಲಸಮಾಡುತ್ತಿದ್ದವರು. ಸತ್ತವರ ಶ್ವಾಸಕೋಶದ ಭಾಗವನ್ನು ಗಿನಿಹಂದಿಗಳಿಗೆ ಚುಚ್ಚಿದಾಗ ಮ್ಯಾಕ್‌ಡೇಡನಿಗೆ ಮೊದಲ ಸಲವೇ ಕೆಲವು ಕಡ್ಡಿಯಾಕಾರದ ಜೀವಿಗಳು ಕಂಡಿದ್ದುವು. ಹೊರಗಿನಿಂದ ಸೇರಿದುವೆಂದು ಅವನ್ನು ಬಿಟ್ಟಿದ್ದನು. ೧೯೭೬ರ ಡಿಸೆಂಬರ್ ಕಡೆಯ ವಾರದಲ್ಲಿ ಮನಸ್ಸು ತಡೆಯದೆ ಹಳೆಯ ಗಾಜುಗಳನ್ನು ಮತ್ತೆ ತೆಗೆದು ನೋಡಿದನು. ಈ ಸಲ ಕೋಳಿಮೊಟ್ಟೆಗಳಲ್ಲಿ ಅದನ್ನು ಬೆಳೆಸುವಾಗ, ಬೇರೆ ಕ್ರಿಮಿಗಳು ಸೇರದಿರಲೆಂದು ರೂಢಿಯಾಗಿ ಹಾಕುತ್ತಿದ್ದ ಔಷಧವನ್ನು ಹಾಕದೆ ಬಿಟ್ಟನು. ಜೀವಿಯು ಬೆಳೆಯಿತು. ಬದುಕಿ ಉಳಿದ ರೋಗಿಗಳ ರಕ್ತರಸವು ಅದರೊಡನೆ ಪ್ರತಿಕ್ರಿಯೆ ತೋರಿತು. ೧೯೭೭ನೆಯ ಜನವರಿ ೧೮ರಂದು ಇದನ್ನು ಪ್ರಕಟಪಡಿಸಿದರು.

ಆ ಮೇಲೆ ನಡೆದುದೇ ಈ ಚರಿತ್ರೆಯಲ್ಲಿ ಮುಖ್ಯವಾದುದೆಂದು ನಮಗೆ ತೋರುತ್ತದೆ. ಉಗ್ರಾಣದಲ್ಲಿದ್ದ ಹಳೆಯ ಸೀಸೆಗಳನ್ನು ಹೊರಗೆ ತೆಗೆದರು. ೧೯೬೫ನೆಯ ಬೇಸಗೆಯಲ್ಲಿ ವಾಷಿಂಗ್‌ಟನ್ ನಗರದ ಸೇಂಟ್ ಎಲಿಜಬೆತ್ಸ್ ಮಾನಸಿಕ ಚಿಕಿತ್ಸಾಲಯದಲ್ಲಿ ೮೧ ರೋಗಿಗಳಿಗೆ ಕಾರಣ ತಿಳಿಯದ ನ್ಯುಮೋನಿಯ ಬಂದು ಹಲವರು ಸತ್ತಿದ್ದರು. ಅವರ ರಕ್ತರಸದಲ್ಲಿ ಇದೇ ರೋಗದ ಗುರುತು ಸಿಕ್ಕಿತು. ೧೯೭೪ರಲ್ಲಿ ಆಡ್ ಫೆಲೋಸ್ ಎಂಬ ಬೇರೊಂದು ಸಂಘದವರು ಅದೇ ಬೆಲ್‌ವ್ಯೂ-ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಸೇರಿದ್ದಾಗ ಕೆಲವರಿಗೆ ನ್ಯುಮೋನಿಯ ಆಗಿತ್ತು, ಅದೂ ಇದೇ. ೧೯೫೭ರಲ್ಲಿ ಮಿನ್ನೆಸೋಟದ ಆಸ್ಟಿನ್ ಎಂಬ ಊರಿನಲ್ಲಿ ಮಾಂಸದ ಕಾರ್ಖಾನೆಯ ಸುತ್ತ ಕಾಣಿಸಿಕೊಂಡಿದ್ದ ಬೇನೆಯೂ ಇದೇ ಆಗಿರಬೇಕೆಂದು ತಿಳಿಯಿತು. ೧೯೪೭ರಲ್ಲಿ ಒಬ್ಬ ರೋಗಿಯ ರಕ್ತವನ್ನು ಚುಚ್ಚಿದ ಗಿನಿಹಂದಿಯಿಂದ ತೆಗೆದು, ಏನೆಂದು ಗೊತ್ತಾಗದೆ ಇಟ್ಟಿದ್ದ ಒಂದು ಜೀವಿಯೂ ಈ ಜಾತಿಯದೇ. ಪಾಂಟಿಯಾಕ್ ಕಚೇರಿಯ ನೌಕರರ ರಕ್ತರಸವೂ ತನ್ನ ಸಾಕ್ಷ್ಯವನ್ನು ನುಡಿಯಿತು. ೧೯೬೮ರ ಗಿನಿಹಂದಿಗಳ ಹಿಮಗಟ್ಟಿದ ಶ್ವಾಸಕೋಶಗಳಿಂದ ರೋಗಾಣುವನ್ನೇ ಬೇರ್ಪಡಿಸಿ, ಅದು ಹರಡಿದ ದಾರಿಯನ್ನೂ ತೋರಿಸಿದ ಲೇಖನವು ೧೯೮೧ರಲ್ಲಿ ಪ್ರಕಟವಾಯಿತು.

ಹೀಗಿರಲು ಕಾಲನಿರ್ಣಯವನ್ನು ಹೇಗೆ ಮಾಡಬೇಕು? ಜೀವಿಯು ಮನುಷ್ಯರ ಕೈಗೆ ಸಿಕ್ಕ ಕಾಲ ೧೯೪೭ಕ್ಕೆ ಈಚಿನದಲ್ಲ. ಅದರ ಗುರುತು ತಿಳಿದದ್ದು ೧೯೭೭. ಈ ಎರಡರ ನಡುವೆ, ಯಂತ್ರದ ನೀರಿನಿಂದ ಗಾಳಿಗೆ, ಗಾಳಿಯಿಂದ ಶ್ವಾಸಕೋಶಕ್ಕೆ ಎಂಬ ಸರಣಿಯ ಕೊಂಡಿಗಳೆಲ್ಲವೂ—ನೀರು, ನಾಳದ ಬಿರುಕು, ಉಸಿರಾಡಿದ ಪ್ರಾಣಿ, ರೋಗಿಯ ರಕ್ತ—ಒಂದೇ ಸ್ಥಳದಲ್ಲಿ ದೊರೆತು ಜೋಪಾನವಾದದ್ದು ೧೯೬೮, ಪಾಂಟಿಯಾಕ್. ಕಚೇರಿಗಳ ಹವಾನಿಯಂತ್ರಣದಿಂದ ಬರುವ ಬೇನೆಯ ಚರಿತ್ರೆಗೆ ಅದನ್ನೇ ಆದಿಯೆಂದು ಇಡತಕ್ಕದ್ದು. ಫಿಲಡೆಲ್ಫಿಯಾದ ಪ್ರಕರಣವಿಲ್ಲದಿದ್ದರೆ ಪಾಂಟಿಯಾಕ್ ಸೀಸೆಗಳನ್ನು ಓದುವವರಿರಲಿಲ್ಲವೆಂಬ ಮಾತು ನಿಜ. ಆದರೆ ಓದಿದವರ ಕಾಲವನ್ನು ಬರೆದವರ ಕಾಲವೆನ್ನಲಾಗದು.

ಹೆಸರಿನ ವಿಷಯವಾಗಿಯೂ ಒಂದು ಮ���ತು. ೧೯೭೯ರಲ್ಲಿ ಜೀವಿಗೆ ಲೀಜನೆಲ್ಲ ನ್ಯೂಮೋಫಿಲ ಎಂಬ ಹೆಸರಿಟ್ಟರು. ಉತ್ತರಪದಕ್ಕೆ ಶ್ವಾಸಕೋಶಪ್ರಿಯ ಎಂದರ್ಥ, ಪೂರ್ವಪದ ಆ ಸೈನಿಕರ ಸಂಘದ ನೆನಪು. ಸತ್ತವರ ನೆನಪಿಗೆ ಹೆಸರಿಟ್ಟುದು ತಪ್ಪೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಆದರೆ ಈ ಹೆಸರಿನಿಂದ ಅದು ಹೋಟೆಲುಗಳ ರೋಗ, ವಯಸ್ಸಾದ ಪ್ರಯಾಣಿಕರ ರೋಗ ಎಂಬ ಭಾವನೆ ಜನರಲ್ಲಿ ಬೇರೂರಿತು. ದಿನವೂ ಒಂದೇ ಮೇಜಿನ ಮುಂದೆ ಎಂಟು ಗಂಟೆ ಕುಳಿತುಕೊಳ್ಳುವ ಗುಮಾಸ್ತರ ಕಡೆಗೆ ಆ ಹೆಸರು ಬೆರಳು ತೋರಿಸುವುದಿಲ್ಲ.

ಜೀವಿಯ ಸ್ವಭಾವವು ಕ್ರಮೇಣ ತಿಳಿದುಬಂದಿತು. ಕೆರೆ ತೊರೆಗಳ ನೀರಿನಲ್ಲಿ ಅದು ಸಹಜವಾಗಿಯೇ ಇರುತ್ತದೆ. ೧೯೮೦ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ತಿಮೊಥಿ ರೌಬೋಥಮ್ ಎಂಬಾತನು, ಅದು ನೀರಿನ ಅಮೀಬಗಳ ಒಡಲನ್ನು ಹೊಕ್ಕು ಅಲ್ಲಿ ಹೆಚ್ಚುತ್ತದೆಂದು ತೋರಿಸಿದನು. ರೂಢಿಯ ಪಾಕಗಳಲ್ಲಿ ಬೆಳೆಯದ ಜೀವಿಯು ಲೋಳೆಕಟ್ಟಿದ ನೀರಿನಲ್ಲಿ ಹುಲುಸಾಗಿ ಬೆಳೆಯುವುದೇಕೆಂಬುದು ಇದರಿಂದ ವಿಶದವಾಯಿತು. ಸುಮಾರು ೨೦ರಿಂದ ೪೫ ಡಿಗ್ರಿ ಸೆಲ್ಸಿಯಸ್ ಬಿಸುಪು ಅದಕ್ಕೆ ಒಗ್ಗುತ್ತದೆ. ೬೦ನ್ನು ಮೀರಿದರೆ ಬಾಳದು. ಕೂಲಿಂಗ್ ಟವರಿನ ನೀರು ಈ ಎಲ್ಲೆಯ ನಡುವೆ ನಿಲ್ಲುವಂಥದು. ೧೯೭೮ರಲ್ಲಿ ಮೆಂಫಿಸ್ ನಗರದ ಒಂದು ಆಸ್ಪತ್ರೆಯಲ್ಲಿ ಬಹುಕಾಲ ನಿಂತಿದ್ದ ಉಪಟವರನ್ನು ಮತ್ತೆ ನಡೆಸಿದ ಮೇಲೆ ಬೇನೆ ತೊಡಗಿ, ಅದನ್ನು ನಿಲ್ಲಿಸಿದ ಮೇಲೆ ಬೇನೆಯೂ ನಿಂತುದು, ಟವರಿನ ಮೇಲೆ ದೋಷವನ್ನು ಸ್ಥಾಪಿಸಿದ ಮೊದಲ ನಿದರ್ಶನಗಳಲ್ಲೊಂದು.

ಬ್ರಾಡ್ ಬೀದಿಯೆಂಬ ಹೆಸರು ವೈದ್ಯಚರಿತ್ರೆಯನ್ನು ಓದಿದವರಿಗೆ ಇನ್ನೊಂದು ಬ್ರಾಡ್ ಬೀದಿಯನ್ನು ನೆನಪಿಗೆ ತರದಿರದು. ೧೮೫೪ರಲ್ಲಿ ಲಂಡನ್ನಿನ ಆ ಹೆಸರಿನ ಬೀದಿಯಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಎಂಬ ವೈದ್ಯನು, ರೋಗವು ಬರುವುದು ಕೆಟ್ಟ ಗಾಳಿಯಿಂದಲ್ಲ, ಬೀದಿಯ ಪಂಪಿನ ನೀರಿನಿಂದ ಎಂದು ತೋರಿಸಿದನು. ಗಾಳಿಯೇ ರೋಗಕ್ಕೆ ಕಾರಣವೆಂಬ ಹಳೆಯ ಮತವು ಅಲ್ಲಿಂದ ಸೋಲುತ್ತ ಬಂದಿತು. ಮಲೇರಿಯ ಎಂಬ ಪದಕ್ಕೆ ಕೆಟ್ಟ ಗಾಳಿಯೆಂದೇ ಅರ್ಥವಾದರೂ, ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸನು ಅದರ ಬೀಜವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡ ಮೇಲೆ ಆ ಅರ್ಥಕ್ಕೆ ಬೆಲೆಯಿಲ್ಲದಾಯಿತು. ೧೯೩೪ರಲ್ಲಿ ವಿಲಿಯಂ ವೆಲ್ಸ್ ಎಂಬಾತನು, ಉಸಿರಿನ ಹನಿಗಳು ಆರಿ ಉಳಿದ ಸೂಕ್ಷ್ಮಕಣಗಳು ಬಹುಕಾಲ ಗಾಳಿಯಲ್ಲಿ ತೇಲಬಲ್ಲುವೆಂದು ಬರೆದಾಗ ಕೇಳಿದವರು ಸ್ವಲ್ಪ. ಪಾಂಟಿಯಾಕಿನಲ್ಲಿ ಸ್ನೋನ ನೀರೂ ಅವನ ಪ್ರತಿವಾದಿಗಳ ಗಾಳಿಯೂ ಒಂದಾದುವು. ನೀರು ಕೆಟ್ಟಿತ್ತು, ಆದರೆ ಅದನ್ನು ಯಾರೂ ಕುಡಿಯಲಿಲ್ಲ, ಉಸಿರಾಡಿದರು.

ಕಚೇರಿಯ ಗಾಳಿಯಿಂದ ಬರುವ ಬೇನೆ ಇದೊಂದೇ ಅಲ್ಲ. ೧೯೭೦ರಲ್ಲಿ ವಿಸ್ಕಾನ್ಸಿನ್ನಿನ ವೈದ್ಯರು, ಹವಾನಿಯಂತ್ರಣದ ಯಂತ್ರದಲ್ಲಿ ಸೇರಿದ್ದ, ಬಿಸುಪಿನಲ್ಲಿ ಬೆಳೆಯುವ ಒಂದು ಬಗೆಯ ಸೂಕ್ಷ್ಮಜೀವಿಗಳಿಂದ ನಾಲ್ವರು ಕಚೇರಿ ನೌಕರರ ಶ್ವಾಸಕೋಶಗಳು ಕೆರಳಿದುದನ್ನು ವರದಿಮಾಡಿದರು. ಇದು ಸೋಂಕಲ್ಲ, ದೇಹಕ್ಕೆ ಒಗ್ಗದ ಧೂಳನ್ನು ಮತ್ತೆ ಮತ್ತೆ ಸೇವಿಸಿದುದರ ಫಲ. ಮುಗ್ಗಿದ ಹುಲ್ಲನ್ನು ಕೆದಕುವ ಒಕ್ಕಲಿಗರಿಗೂ, ಹಳೆಯ ಕಬ್ಬಿನ ಸಿಪ್ಪೆಯನ್ನು ಹೊರುವ ಸಕ್ಕರೆ ಕಾರ್ಖಾನೆಯ ಕೂಲಿಗಳಿಗೂ ಬರುವ ಬೇನೆ ಈ ಜಾತಿಯದೇ. ಕಬ್ಬಿನ ಸೀಮೆಯವರಾದ ನಮ್ಮಲ್ಲಿ ಅದರ ಪರಿಚಯವಿರಬೇಕಾದುದು ನ್ಯಾಯ.

ಮುಂದಿನ ವರ್ಷಗಳ ಪ್ರಕರಣಗಳನ್ನೆಲ್ಲ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ೧೯೮೫ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್ ನಗರದ ಆಸ್ಪತ್ರೆಯಲ್ಲಿ ತಾರಸಿಯ ಮೇಲಣ ಟವರಿನಿಂದ ಹರಡಿದ ಬೇನೆಯಲ್ಲಿ ೨೮ ಮಂದಿ ಸತ್ತು ಸಾರ್ವಜನಿಕ ವಿಚಾರಣೆ ನಡೆಯಿತು. ೧೯೮೮ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಸಾರ ಭವನದ ಟವರುಗಳಿಂದ ಒಳಗಿನ ನೌಕರರಿಗೂ ಹೊರಗಿನ ದಾರಿಹೋಕರಿಗೂ ರೋಗ ತಗಲಿ ಮೂವರು ತೀರಿಕೊಂಡರು. ಪ್ರತಿಯೊಂದು ಕೂಲಿಂಗ್ ಟವರಿನ ವಿಷಯವನ್ನೂ ಸ್ಥಳೀಯ ಅಧಿಕಾರಿಗಳಿಗೆ ತಿಳಿಸಬೇಕೆಂಬ ನಿಬಂಧನೆ ಬ್ರಿಟನ್ನಿನಲ್ಲಿ ಬಂದದ್ದು ೧೯೯೨ರಲ್ಲಿ.  ೨೦೧೨ರಲ್ಲಿ ಕೆನಡದ ಕ್ವಿಬೆಕ್ ನಗರದಲ್ಲಿ ಒಂದು ಕಚೇರಿ ಕಟ್ಟಡದ ಟವರಿನಿಂದ ೧೮೦ಕ್ಕೂ ಮಿಕ್ಕ ಜನ ಕಾಯಿಲೆ ಬಿದ್ದಾಗ, ಊರಿನಲ್ಲಿ ಎಷ್ಟು ಟವರುಗಳಿವೆ, ಎಲ್ಲೆಲ್ಲಿವೆ ಎಂಬ ಪೂರ್ಣವಾದ ಪಟ್ಟಿಯೇ ಅಧಿಕಾರಿಗಳಲ್ಲಿರಲಿಲ್ಲ. ೨೦೧೫ರ ಬೇಸಗೆಯಲ್ಲಿ ನ್ಯೂಯಾರ್ಕಿನ ದಕ್ಷಿಣ ಬ್ರಾಂಕ್ಸ್ ಭಾಗದಲ್ಲಿ ೧೩೮ ಮಂದಿಗೆ ರೋಗ ಬಂದು ೧೬ ಮಂದಿ ಸತ್ತಾಗಲೂ ಪಟ್ಟಿಯಿರಲಿಲ್ಲ. ಟವರುಗಳನ್ನು ಹುಡುಕಿಕೊಂಡು ಹೋಗಬೇಕಾಯಿತು. ಆ ನಗರದಲ್ಲಿ ನೋಂದಣಿಯ ಕಾನೂನು ಅದೇ ವರ್ಷ ಹೊರಟಿತು. ಸಾಯದೆ ಬದುಕಿದ ಪಾಂಟಿಯಾಕಿನ ೧೪೪ ಮಂದಿಯ ಮಾತನ್ನು ಕೇಳಿ ಹೊರಟ ಕಾನೂನು ಇವುಗಳಲ್ಲಿ ಒಂದೂ ಇಲ್ಲ.

ಪಾಂಟಿಯಾಕ್ ಕಡತದಲ್ಲಿ ಇನ್ನೂ ಬಿಡದ ಗಂಟೊಂದಿದೆ. ಲೀಜನೇರ್ ರೋಗವು ರೋಗಾಣುವನ್ನು ಉಸಿರಾಡಿದವರಲ್ಲಿ ನೂರಕ್ಕೆ ಐವರಿಗೂ ಬರುವುದಿಲ್ಲ, ಬಂದವರಲ್ಲಿ ಕೊಲ್ಲುತ್ತದೆ, ಎರಡರಿಂದ ಹತ್ತು ದಿನ ಕಾಯುತ್ತದೆ. ಪಾಂಟಿಯಾಕ್ ಜ್ವರವು ನೂರಕ್ಕೆ ತೊಂಬತ್ತೈದು ಮಂದಿಗೆ ಸರಾಸರಿ ಒಂದೂವರೆ ದಿನದಲ್ಲಿ ಬಂದು, ಯಾರನ್ನೂ ಕೊಲ್ಲದೆ ಹೋಯಿತು. ಜೀವಿ ಒಂದೇ. ಸತ್ತ ಜೀವಿಗಳನ್ನು ಉಸಿರಾಡಿದರೆ ಜ್ವರ, ಬದುಕಿದ್ದುವನ್ನು ಉಸಿರಾಡಿದರೆ ನ್ಯುಮೋನಿಯ ಎಂದು ಕೆಲವರು. ನೀರಿನಲ್ಲಿ ಜೊತೆಗಿದ್ದ ಬೇರೆ ಕ್ರಿಮಿಗಳ ವಿಷವೂ ಸೇರಿತೆಂದು ಕೆಲವರು. ಅಮೀಬಗಳೇ ಜ್ವರಕ್ಕೆ ಕಾರಣವೆಂದು ಮತ್ತೆ ಕೆಲವರು. ಈ ವಾದಗಳಲ್ಲಿ ಯಾವುದನ್ನು ಹಿಡಿದರೂ ೧೯೬೮ರ ಗಿನಿಹಂದಿಗಳಿಗೆ ಉತ್ತರ ಹೇಳಬೇಕಾಗುತ್ತದೆ. ಅದೇ ಕಟ್ಟಡದ ಗಾಳಿಯನ್ನೂ ಅದೇ ಕಂಡೆನ್ಸರಿನ ನೀರಿನ ಮಂಜನ್ನೂ ಸೇವಿಸಿದ ಅವುಗಳಿಗೆ ಬಂದದ್ದು ನ್ಯುಮೋನಿಯ. ಹಲವು ವರ್ಷಗಳ ಮೇಲೆ ಅವುಗಳ ಶ್ವಾಸಕೋಶದಿಂದ ಹೊರಬಂದ ರೋಗಾಣುಗಳು ಜೀವಂತವಾಗಿದ್ದುವು.